ಹುಣಸೆಮರದ ಹುರಿ

ನನ್ನ ವಿದ್ಯಾರ್ಥಿಗಳು ನನಗೆ ಇಟ್ಟಿದ್ದ ಹೆಸರು ‘ಅಂಗಾಂಶ ಮೇಡಂ’. ಎದುರಿಗೆ ಯಾರೂ ಹಾಗೆ ಕರೆಯಲಿಲ್ಲ. ಆದರೆ ಹೊಸದುರ್ಗದಂಥ ಊರಿನಲ್ಲಿ ಮೇಷ್ಟ್ರುಗಳಿಗೆ ಇಟ್ಟ ಅಡ್ಡಹೆಸರು ಹಾಲಿನವನಿಗಿಂತ ಮೊದಲೇ ಅವರ ಮನೆ ಬಾಗಿಲಿಗೆ ಬಂದು ಮುಟ್ಟುತ್ತದೆ. ನನಗೆ ಬೇಸರವೇನೂ ಆಗಲಿಲ್ಲ. ಗಣಿತದವರಿಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದಕ್ಕೆ ಹೋಲಿಸಿದರೆ ನನ್ನದು ಬಿರುದೇ ಸರಿ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದೆ. ಒಂದೇ ಕೆಲಸಕ್ಕೆಂದು ಕೂಡಿಕೊಂಡ ಜೀವಕೋಶಗಳ ಗುಂಪಿಗೆ ಅಂಗಾಂಶ ಎನ್ನುತ್ತಾರೆ. ಪುಸ್ತಕದಲ್ಲಿ ಅದು ಒಣಗಿದ ರೊಟ್ಟಿಯ ಹಾಗಿರುತ್ತದೆ, ಹಲ್ಲಿಗೆ ಸಿಕ್ಕುವುದಿಲ್ಲ. ಅದಕ್ಕೇ ನಾನು ಪಾಠವನ್ನು ಕಾಂಪೌಂಡಿನ ಹೊರಗಿನಿಂದ ತರುತ್ತಿದ್ದೆ. ಕತ್ತಾಳೆ ಪಟ್ಟೆಯನ್ನು ಜಜ್ಜಿ ನಾರು ಎಳೆದು, ನೋಡಿ, ಗಿಡ ಬಾಗದೆ ನಿಲ್ಲುವುದು ಇದರಿಂದ, ಇದರ ಕೋಶಗಳೆಲ್ಲ ಸತ್ತಿವೆ, ಸತ್ತ ಮೇಲೂ ಭಾರ ಹೊರುತ್ತಿವೆ ಎನ್ನುತ್ತಿದ್ದೆ. ಸೂರ್ಯಕಾಂತಿಯ ದಂಟನ್ನು ಬ್ಲೇಡಿನಲ್ಲಿ ಸಿಗರೇಟಿನ ಕಾಗದಕ್ಕಿಂತ ತೆಳ್ಳಗೆ ಸೀಳಿಸಿ, ಕೆಂಪು ಬಣ್ಣದಲ್ಲಿ ಅದ್ದಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಡಿಸುತ್ತಿದ್ದೆ. ನೀರನ್ನು ಮೇಲಕ್ಕೆ ಒಯ್ಯುವ ಕ್ಸೈಲಂ ಕೆಂಪಗೆ ಬಾವಿಯ ಬಾಯಿಗಳ ಹಾಗೆ ಕಾಣುತ್ತಿತ್ತು. ಅದರ ಹೊರಮಗ್ಗುಲಿಗೆ, ಎಲೆ ಬೇಯಿಸಿದ ಊಟವನ್ನು ಕೆಳಕ್ಕೆ ತರುವ ಫ್ಲೋಯಂ. ಇವೆರಡರ ನಡುವೆ, ವರ್ಷ ವರ್ಷ ಮರವನ್ನು ದಪ್ಪ ಮಾಡುವ ಒಂದು ತೆಳು ಪದರ.

ಫ್ಲೋಯಂ ಪಾಠದ ದಿನ ತರಗತಿಯಲ್ಲಿ ಹಿಂದಿನ ಬೆಂಚಿನವರೂ ಎಚ್ಚರವಾಗಿರುತ್ತಿದ್ದರು. ಅದಕ್ಕೆ ಕಾರಣ ಇತ್ತು. ಊಟ ಸಾಗಿಸುವ ಆ ಕೊಳವೆಯ ಕೋಶಕ್ಕೆ ತನ್ನದೇ ನ್ಯೂಕ್ಲಿಯಸ್ ಇರುವುದಿಲ್ಲ. ಪಕ್ಕಕ್ಕೆ ಅಂಟಿಕೊಂಡ ಇನ್ನೊಂದು ಪುಟ್ಟ ಕೋಶ ಅದನ್ನು ಬದುಕಿಸಿಕೊಂಡಿರುತ್ತದೆ. ಅದರ ಹೆಸರು ಸಂಗಾತಿ ಕೋಶ. ಮದುವೆಯಾಗದ ಮೇಡಂ ಕರಿಹಲಗೆಯ ಮೇಲೆ ‘ಸಂಗಾತಿ’ ಎಂದು ಬರೆಯುವುದನ್ನು ನೋಡಲು ಅವರು ವರ್ಷವಿಡೀ ಕಾಯುತ್ತಿದ್ದರೋ ಏನೋ. ಸೀಮೆಸುಣ್ಣ ಆ ಪದಕ್ಕೆ ಬಂದೊಡನೆ ಗಂಡುಹುಡುಗರಿಗೆಲ್ಲ ಒಟ್ಟಿಗೆ ಕೆಮ್ಮು ಹತ್ತುತ್ತಿತ್ತು. ‘ಕೆಮ್ಮು ಇದ್ದೋರು ಹೊರಗೆ ಹೋಗಿ ನೀರು ಕುಡಿದು ಬರ್ರಿ’ ಎಂದು ಹೇಳಿ ಪಾಠ ಮುಂದುವರಿಸುತ್ತಿದ್ದೆ.

ಸಂಜೆ ಕೋಣೆಗೆ ಬಂದರೆ ಮಾತು ಅಲ್ಲಿಗೇ ಮುಗಿಯಿತು. ಒಂದು ಮನೆಯ ಹಿತ್ತಲ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಒಬ್ಬರಿಗೆ ಅನ್ನ ಮಾಡಬಹುದು, ಒಬ್ಬರಿಗೆ ಮುದ್ದೆ ಮಾಡುವುದು ಆಗದ ಮಾತು. ಹಿಟ್ಟು ಎಸರಿಗೆ ಸಾಲದೆ ತಳ ಹಿಡಿಯುತ್ತದೆ, ಇಲ್ಲವೇ ಗಂಟು ಕಟ್ಟುತ್ತದೆ. ಎರಡು ಮುದ್ದೆ ಮಾಡಿ, ಒಂದು ಉಂಡು, ಇನ್ನೊಂದನ್ನು ಬೆಳಗ್ಗೆ ಮಜ್ಜಿಗೆಗೆ ಕಿವುಚಿಕೊಳ್ಳುತ್ತಿದ್ದೆ. ಆ ಎರಡನೆಯ ಮುದ್ದೆ ತಟ್ಟೆಯಲ್ಲಿ ಕೂತಿದ್ದನ್ನು ನೋಡಿದಾಗಲೆಲ್ಲ ನನಗೆ ಒಂಟಿತನ ಅನ್ನುವುದು ಹೊಟ್ಟೆಯಲ್ಲೇ ಹುಟ್ಟುತ್ತದೆ ಅನ್ನಿಸುತ್ತಿತ್ತು.

ನಮ್ಮೂರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಕುರಿ ಸಾಕುವ ಮನೆ. ಅಪ್ಪ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊರಟರೆ ಮಳೆ ಬೀಳುವ ತನಕ ಊರೂರ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತ ಅಲ್ಲೇ ಇರುತ್ತಿದ್ದ. ನನಗಿಂತ ಮೊದಲು ಹುಟ್ಟಿದವರಲ್ಲಿ ಅಣ್ಣ ಒಬ್ಬ ಉಳಿದಿದ್ದ, ಮಿಕ್ಕವರು ತೊಟ್ಟಿಲು ದಾಟಲಿಲ್ಲ. ಸ್ವಾತಂತ್ರ್ಯ ಬಂದ ಮಾರನೇ ವರ್ಷ ನಾನು ಹುಟ್ಟಿದಾಗ ಅವ್ವ ಕುರಿ ಕೂಡುವ ರೊಪ್ಪದ ಮೂಲೆಯಲ್ಲಿ ಒಂದು ಹುಣಸೆ ಸಸಿ ನೆಟ್ಟಳಂತೆ. ಮರಿಯ ಮೊದಲ ಉಣ್ಣೆ ಹೊಸೆದು, ಒಂದೇ ಎಳೆಯನ್ನು ಎರಡು ಮಾಡಿ, ಒಂದನ್ನು ನನ್ನ ಮಣಿಕಟ್ಟಿಗೆ, ಒಂದನ್ನು ಸಸಿಗೆ ಕಟ್ಟಿದಳಂತೆ. ಎರಡರ ಉಸಿರೂ ಒಂದು, ಕೂಸಿಗೆ ಕಣ್ಣು ತಾಗಿದರೂ ಮರ ಹಿಡಿದುಕೊಳ್ಳುತ್ತದೆ ಎಂಬುದು ನಮ್ಮ ಮನೆಯ ಹೆಂಗಸರ ನಂಬಿಕೆ. ಪ್ರತಿ ದೀಪಾವಳಿಗೆ ಕುರಿಗಳ ಮೈ ತೊಳೆದು ಪೂಜೆ ಮಾಡಿದ ಮೇಲೆ ನನಗೂ ಮರಕ್ಕೂ ಹೊಸ ದಾರ ಕಟ್ಟುವುದು. ಹಳೆಯದನ್ನು ಬಿಚ್ಚುವ ಹಾಗಿಲ್ಲ. ಅದು ತಾನಾಗಿ ಹರಿದು ಬೀಳಬೇಕು. ಮರಿಯ ಉಣ್ಣೆ ಮೆತ್ತಗಿನದು, ವರ್ಷದೊಳಗೆ ಹರಿದು ಬೀಳುತ್ತಲೂ ಇತ್ತು. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಓದಲು ಚಿತ್ರದುರ್ಗಕ್ಕೆ ಹೋದೆ. ಹಾಸ್ಟೆಲಿನ ಹುಡುಗಿಯರು ನನ್ನ ಕೈ ಹಿಡಿದು ನೋಡಿ, ‘ಕುರಿಗೆ ಗುರುತು ಹಾಕಿದಂಗೈತಲ್ಲೇ’ ಎಂದು ನಕ್ಕರು. ನಾನೂ ಅವರ ಜೊತೆ ನಕ್ಕು ದಾರವನ್ನು ಬ್ಲೇಡಿನಿಂದ ಕತ್ತರಿಸಿ ಬಿಸಾಕಿದೆ. ರಜೆಗೆ ಹೋದಾಗ ಅವ್ವ ಬರಿದಾದ ಕೈ ನೋಡಿದಳು. ಆ ದೀಪಾವಳಿಗೆ ನನಗೆ ದಾರ ಕಟ್ಟಲಿಲ್ಲ. ಮರಕ್ಕೆ ಮಾತ್ರ ಉಣ್ಣೆಯ ಬದಲು ಮೇಕೆ ಕೂದಲಿನ ಹುರಿ ಕಟ್ಟಿದಳು. ಮಗಳು ಕಣ್ಣಿಗೆ ದೂರ, ಕೈಯಲ್ಲಿ ದಾರವೂ ಇಲ್ಲ, ಮರದ್ದಾದರೂ ಗಟ್ಟಿಯಾಗಿರಲಿ ಎಂದು. ಹೋರಿಯನ್ನು ಕಟ್ಟಿದರೂ ಹರಿಯದ ಹುರಿ ಅದು. ಮಳೆಗೆ ನೆನೆಯದು, ಬಿಸಿಲಿಗೆ ಕೊಳೆಯದು. ಮುಂದಿನ ವರ್ಷ ಅದರ ಮೇಲೇ ಇನ್ನೊಂದು. ಅದರ ಮುಂದಿನ ವರ್ಷ ಮತ್ತೊಂದು.

ಡಿಗ್ರಿ ಮುಗಿಸಿ, ಎಂ.ಎಸ್ಸಿ ಮುಗಿಸಿ, ಹೊಸದುರ್ಗದಲ್ಲಿ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ, ಅಣ್ಣ ಮಂದೆ ನೋಡಿಕೊಳ್ಳುತ್ತಿದ್ದ. ಅವ್ವ ಅಣ್ಣ ಅತ್ತಿಗೆಯರ ಜೊತೆ ಇದ್ದಳು. ಅಲ್ಲಿಂದ ತಿಂಗಳಿಗೊಮ್ಮೆ ಯಾರಾದರೂ ಬಸ್ಸಿನವರ ಕೈಯಲ್ಲಿ ರಾಗಿಹಿಟ್ಟು, ಹುರುಳಿಕಾಳು, ಹುಚ್ಚೆಳ್ಳು ಚಟ್ನಿಪುಡಿ ಬರುತ್ತಿತ್ತು. ನಾನು ಡಬ್ಬಿ ತುಂಬಿಕೊಂಡು ಖಾಲಿ ಚೀಲವನ್ನು ಮಡಿಸಿ ವಾಪಸ್ಸು ಕಳಿಸುತ್ತಿದ್ದೆ. ಊರಿಗೆ ಹೋಗುತ್ತಿದ್ದುದು ವರ್ಷಕ್ಕೊಮ್ಮೆ, ಬಹಳವೆಂದರೆ ಎರಡು ಸಲ. ಹೋದರೆ ಎಲ್ಲರೂ ಒಂದೇ ಮಾತು ಕೇಳುತ್ತಿದ್ದರು, ಯಾವಾಗ ಊಟ ಹಾಕಿಸ್ತೀಯ ಅಂತ. ಮದುವೆಯ ಊಟ. ಓದಿದ ಹುಡುಗಿಗೆ ಅವಳಿಗಿಂತ ಹೆಚ್ಚು ಓದಿದ ಗಂಡು ಬೇಕು ಅನ್ನುತ್ತಿದ್ದ ಜನವೇ, ನಮ್ಮಲ್ಲಿ ಅಂಥ ಗಂಡು ಎಲ್ಲಿ ಸಿಗುತ್ತಾನೆ ಎಂದೂ ಕೇಳುತ್ತಿದ್ದರು.

ಒಂದು ದೀಪಾವಳಿ ರಜೆಗೆ ಹೋದಾಗ ಹುಣಸೆಮರ ಹಿಂದೆಂದೂ ಇಲ್ಲದಷ್ಟು ಕಾಯಿ ಹೊತ್ತು ನಿಂತಿತ್ತು. ಕೊಂಬೆಗಳು ರೊಪ್ಪದ ಗೋಡೆಗೆ ತಾಗುತ್ತಿದ್ದವು. ಅವ್ವ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಹೊಳಲ್ಕೆರೆ ಕಡೆಯ ಒಬ್ಬ ಮೇಷ್ಟ್ರ ಸಂಬಂಧ ಬಂದಿತ್ತು ಆಗ. ಮರ ಹೀಗೆ ಜಗ್ಗಿದ್ದಕ್ಕೂ ಆ ಸಂಬಂಧಕ್ಕೂ ಅವ್ವ ಮನಸ್ಸಿನಲ್ಲೇ ಗಂಟು ಹಾಕಿಬಿಟ್ಟಿದ್ದಳು. ಮಗಳ ಕಾಲ ಕೂಡಿಬಂತು ಎಂದು ಊರಿಗೆಲ್ಲ ಹೇಳಿಯೂ ಆಗಿತ್ತು. ಕಾಂಡದ ಮೇಲೆ ಕೈಯಿಟ್ಟು, ‘ಹೆಂಗೆ ದಪ್ಪ ಆಗೈತೆ ನೋಡು’ ಅಂದಳು.

ನೋಡಿದೆ. ಎದೆಮಟ್ಟದಲ್ಲಿ ಕಾಂಡ ಊದಿಕೊಂಡು ತುಟಿಯ ಹಾಗೆ ಮುಂದೆ ಬಂದಿತ್ತು. ಅದರ ಕೆಳಗೆ ಒಂದು ಕಾಲುವೆ, ಕಾಲುವೆಯ ತಳದಲ್ಲಿ ವರ್ಷಗಟ್ಟಲೆ ಬಿಗಿದ ಹುರಿಗಳು. ಮೇಲಿನವು ಕಾಣುತ್ತಿದ್ದವು, ಹಳೆಯವನ್ನು ಮರ ನುಂಗಿತ್ತು. ಅಲ್ಲಿಂದ ಕೆಳಗೆ ಕಾಂಡ ಸಣಕಲಾಗಿತ್ತು. ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದ ಚಿತ್ರವೇ ಅದು. ತೊಗಟೆಯೊಳಗಿನ ಫ್ಲೋಯಂನ ದಾರಿ ಕಟ್ಟಿಕೊಂಡಿದೆ. ಎಲೆಯಿಂದ ಇಳಿದು ಬಂದ ಊಟ ಹುರಿಯ ಮೇಲೇ ನಿಂತು ಕಾಂಡವನ್ನು ಊದಿಸಿದೆ, ಕೊಂಬೆಗಳಲ್ಲೇ ಉಳಿದು ಕಾಯಾಗಿದೆ. ಬೇರಿಗೆ ಏನೂ ಮುಟ್ಟುತ್ತಿಲ್ಲ. ಹೀಗೆ ಕತ್ತು ಬಿಗಿದ ಮರ ಸಾಯುವ ಮುಂಚೆ ಮೈತುಂಬ ಕಾಯಿ ಬಿಡುತ್ತದೆ.

ಬಿಚ್ಚಿಬಿಡೋಣ ಎಂದೆ. ನಾನು ಏನೋ ಕೆಟ್ಟ ಮಾತು ಆಡಿದೆನೆಂಬ ಹಾಗೆ ಅವ್ವ ನೋಡಿದಳು. ನಾನು ಸಣ್ಣ ರೆಂಬೆಯೊಂದನ್ನು ಮುರಿದು, ಸಿಪ್ಪೆ ಸುಲಿದು, ಒಳಗಿನ ಕಟ್ಟಿಗೆಯಲ್ಲಿ ನೀರು ಹತ್ತುವ ದಾರಿ, ಸಿಪ್ಪೆಯಲ್ಲಿ ಊಟ ಇಳಿಯುವ ದಾರಿ ಎಂದು ಬಿಡಿಸಿ ಬಿಡಿಸಿ ಹೇಳಿದೆ. ತರಗತಿಯಲ್ಲಿ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಅವಳು ಉಣ್ಣೆ ಹೊಸೆಯುತ್ತ ಕೇಳಿಸಿಕೊಂಡಳು.

‘ಕಟ್ಟಿದ್ದು ನಾನು, ಬಿಚ್ಚಾದು ದ್ಯಾವ್ರು’ ಅಂದಳು. ‘ಬಿಚ್ಚಿದ್ರೆ ನಿನ್ನನ್ನೇ ಬಿಟ್ಟಂಗಾತದೆ. ಬ್ಯಾಡ.’

ಅಣ್ಣನನ್ನು ಕೇಳಿದೆ. ಅವನಿಗೆ ಮರದ ಊತ ಅರ್ಥವಾಯಿತು. ಕುರಿಯ ಕಾಲಿಗೆ ಹಗ್ಗ ಬಿಗಿದರೆ ಊದುವುದನ್ನು ಅವನು ನೋಡಿದವನು. ಆದರೂ ಅವ್ವ ಹ್ಞೂಂ ಅನ್ನುವ ತನಕ ತಾನು ಮರ ಮುಟ್ಟುವುದಿಲ್ಲ ಎಂದು ಕೈ ಕೊಡವಿಬಿಟ್ಟ. ಅತ್ತಿಗೆ, ಹಬ್ಬದ ದಿನ ಏನಿದು ಎಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅವ್ವ ಆ ದಿನ ಸರಿಯಾಗಿ ಉಣ್ಣಲಿಲ್ಲ.

ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆದರಿಕೆ. ಹುಣಸೆಮರ ಹೋದರೆ ಹೋಯಿತು ಅನ್ನುವ ಹಾಗಿರಲಿಲ್ಲ. ಬೇರಿನಲ್ಲಿ ಕೂಡಿಟ್ಟದ್ದು ಮುಗಿದ ದಿನ ಮರ ಒಣಗುತ್ತದೆ. ಮರ ಒಣಗಿದರೆ ಮಗಳು ಹೋದಳೆಂದೇ ಅವ್ವ ಲೆಕ್ಕ ಹಾಕುತ್ತಾಳೆ. ನಾನು ಎದುರಿಗೆ ಕೂತು ಮುದ್ದೆ ನುಂಗುತ್ತಿದ್ದರೂ ಅವಳ ಎದೆ ನಂಬುವುದಿಲ್ಲ, ಆ ದಿನದಿಂದ ನನ್ನ ಸಾವನ್ನು ಕಾಯುತ್ತಲೇ ಅವಳು ಸಾಯುತ್ತಾಳೆ. ಮರ ಉಳಿಯಬೇಕಾದದ್ದು ಅವಳಿಗಾಗಿ. ಅದಕ್ಕೆ ಅಡ್ಡ ನಿಂತವಳೂ ಅವಳೇ.

ಹೊರಡುವ ದಿನ ಬಂತು. ಬೆಳಗ್ಗೆ ಅವ್ವ ಜಗಲಿಯ ಮೇಲೆ ಕೂತು ನನ್ನ ಚೀಲಕ್ಕೆ ರಾಗಿಹಿಟ್ಟು ತುಂಬುತ್ತಿದ್ದಳು. ಹಿಟ್ಟು ಕೆಳಗಿಳಿಯಲೆಂದು ಚೀಲವನ್ನು ನೆಲಕ್ಕೆ ಕುಕ್ಕಿ ಕುಕ್ಕಿ ಮತ್ತೆ ತುಂಬುತ್ತಿದ್ದಳು. ಸಾಕು ಎಂದರೂ ಕೇಳಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳಿದಳು.

‘ಬೇರಿಗೆ ಊಟ ಇಲ್ಲ ಅಂದ್ಯಲ್ಲ. ಮತ್ತೆ ಎಲೆ ಹಸರಾಗಿ ಹೆಂಗದವೆ?’

‘ಬೇರು ನೀರು ಕಳಿಸ್ತಾನೇ ಐತವ್ವ. ಅದರ ದಾರಿ ಒಳಗೈತೆ, ಹುರಿ ಅದನ್ನ ಮುಟ್ಟಿಲ್ಲ.’

‘ಹಸ್ಕಂಡು ಕಳಿಸ್ತೈತಾ?’

‘ಹ್ಞೂಂ. ಕೈಲಾಗಾ ತಂಕ.’

ಅವಳು ಚೀಲದ ಅಂಚಿಗೆ ಮೆತ್ತಿದ ಹಿಟ್ಟನ್ನು ಒಳಕ್ಕೆ ಸವರಿದಳು.

‘ಮ್ಯಾಲಿನವಕ್ಕೆ ಗೊತ್ತಾಗಲ್ವಾ?’

‘ಗೊತ್ತಾಗಲ್ಲವ್ವ. ನೀರು ಬರ್ತೈತಲ್ಲ.’

ಇಷ್ಟು ಹೇಳುವಾಗ ನನ್ನ ಕಣ್ಣು ಅವಳ ಕೈಯ ಮೇಲಿತ್ತು. ಮೊಣಕೈ ತನಕ ರಾಗಿಹಿಟ್ಟು ಮೆತ್ತಿದ, ಎಲುಬು ಎದ್ದ ಕೈ. ಅವಳು ಇಷ್ಟು ಸಣ್ಣಗಾದದ್ದು ಯಾವಾಗ ಎಂದು ನನಗೆ ಗೊತ್ತೇ ಇರಲಿಲ್ಲ. ತಿಂಗಳು ತಿಂಗಳೂ ಹಿಟ್ಟು ಬರುತ್ತಿತ್ತಲ್ಲ. ನನಗೆ ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. ಅವ್ವ ಅದನ್ನು ನೋಡಲಿಲ್ಲವೋ, ನೋಡಿಯೂ ಬಿಟ್ಟಳೋ. ಚೀಲದ ಬಾಯಿ ಕಟ್ಟಿ ಗೋಡೆಗೆ ಒರಗಿಸಿ ಎದ್ದಳು.

‘ಹಸ್ಕಂಡಿರದ್ನ ಹಂಗೇ ಬಿಡ್ಬಾರ್ದು. ನಿಮ್ಮಣ್ಣನ್ನ ಕರಿ, ಬಿಚ್ಲಿ’ ಅಂದಳು.

ಆ ದಿನದ ಬಸ್ಸು ತಪ್ಪಿತು. ಅಣ್ಣ ಉಣ್ಣೆ ಕತ್ತರಿಸುವ ಕತ್ತರಿ ತಂದ. ಮೇಲಿನ ಹುರಿಗಳು ಬಂದವು. ಒಳಗೆ ಹೂತವನ್ನು ಚಾಕುವಿನ ತುದಿಯಿಂದ ತುಂಡು ತುಂಡಾಗಿ ಕಿತ್ತ. ಪ್ರತಿ ತುಂಡು ಬಂದಾಗಲೂ ಅವ್ವ ಮರದ ಕಡೆಗಲ್ಲ, ನನ್ನ ಮುಖದ ಕಡೆ ನೋಡುತ್ತಿದ್ದಳು. ಹುರಿ ಎಲ್ಲ ಹೋದ ಮೇಲೆ ನಾನು ಕಾಲುವೆಯೊಳಗೆ ಬೆರಳಾಡಿಸಿ ಸುತ್ತ ಬಂದೆ. ಎಲ್ಲ ಕಡೆಗೂ ಬರೀ ಸತ್ತ ಕಟ್ಟಿಗೆ. ಒಂದು ಕಡೆ ಮಾತ್ರ ಕಾಂಡ ಒಳಕ್ಕೆ ತಗ್ಗಾಗಿತ್ತು. ಆ ತಗ್ಗಿನ ಮೇಲೆ ಹುರಿ ಸೇತುವೆಯ ಹಾಗೆ ಹಾದುಹೋಗಿತ್ತು, ಕೆಳಗಿನ ತೊಗಟೆಯನ್ನು ಒತ್ತಿರಲಿಲ್ಲ. ಉಗುರಿನಿಂದ ಕೆರೆದರೆ ಹಸಿರು. ಅಂಗೈಯಗಲದ ಆ ಒಂದು ದಾರಿಯಲ್ಲೇ ಬೇರಿಗೆ ತುತ್ತು ಇಳಿಯುತ್ತಿತ್ತು. ಬದುಕಬಹುದು ಎಂದೆ. ಅವ್ವ ಮಡಿಲಿನಿಂದ ಹೊಸ ಉಣ್ಣೆ ದಾರ ತೆಗೆದು ನನ್ನ ಕೈ ಎಳೆದುಕೊಂಡಳು. ಮರದಲ್ಲಿದ್ದ ನಿನ್ನ ಉಸಿರನ್ನು ಇಲ್ಲಿಗೆ ತರುತ್ತಿದ್ದೇನೆ, ಇದನ್ನು ಕುಯ್ಯಬೇಡ, ತಾನಾಗಿ ಬಿದ್ದರೆ ಬೀಳಲಿ ಎಂದು ಹೇಳಿ ಗಂಟು ಹಾಕಿದಳು. ಹಾಕಿದ ಮೇಲೆ ದಾರದ ಕೆಳಗೆ ತನ್ನ ಬೆರಳು ತೂರಿಸಿ ಆಡಿಸಿದಳು.

‘ಬಿಗಿಯಾತೇನವ್ವ?’

ಇಲ್ಲ ಎಂದೆ. ಕಪ್ಪು ದಾರ ಕಟ್ಟಿಕೊಂಡು ಕಾಲೇಜಿಗೆ ಹೋದಾಗ ಮೇಡಂಗೆ ಸಂಗಾತಿ ಕೋಶ ಸಿಕ್ಕಿತು ಎಂದು ಗುಲ್ಲೆದ್ದಿತು. ಹೊಳಲ್ಕೆರೆಯ ಮೇಷ್ಟ್ರು ಮುಂದಿನ ಬೇಸಿಗೆಯಲ್ಲಿ ಬೇರೆ ಕಡೆ ಮದುವೆಯಾದರು. ಆ ವರ್ಷ ಮರದ ಕಾಯಿ ಹೀಚಿನಲ್ಲೇ ಬಹಳಷ್ಟು ಉದುರಿತು, ಒಂದು ಮಗ್ಗುಲಿನ ಕೊಂಬೆಗಳು ಒಣಗಿ ಸೌದೆಯಾದವು. ಇನ್ನೊಂದು ಮಗ್ಗುಲು ಉಳಿಯಿತು. ಗಾಯದ ಎರಡೂ ಅಂಚಿನಿಂದ ಹೊಸ ತೊಗಟೆ ಹೊರಟು, ವರ್ಷಕ್ಕಿಷ್ಟು ಎಂದು ಕಟ್ಟಿಗೆಯನ್ನು ಮುಚ್ಚುತ್ತ ಬಂತು. ಅರ್ಧ ಮರವಾಗಿ ಅದು ಈಗಲೂ ಇದೆ. ಅದರ ನೆರಳಿನಲ್ಲಿ ಮರಿಗಳು ಮಲಗುತ್ತವೆ.

ಅಲ್ಲಿಂದ ಮುಂದೆ ನಾನು ಊರಿಗೆ ಹೋಗುವುದು ಹೆಚ್ಚಾಯಿತು. ಚೀಲ ಖಾಲಿ ಹೋಗುತ್ತಿರಲಿಲ್ಲ. ಆದರೂ ಸೋಮವಾರ ಬೆಳಗ್ಗೆ ಹೊಸದುರ್ಗದ ಕೋಣೆಯ ಬೀಗ ತೆಗೆದರೆ ಒಳಗೆ ಇರುತ್ತಿದ್ದುದು ಅದೇ ಒಂದು ತಟ್ಟೆ. ಅದಕ್ಕೆ ಯಾವ ಪಾಠವೂ ಔಷಧಿಯಾಗಲಿಲ್ಲ. ಪ್ರತಿ ದೀಪಾವಳಿಗೂ ಅವ್ವ ದಾರ ಕಟ್ಟುತ್ತಿದ್ದಳು, ಮರಕ್ಕಲ್ಲ, ನನಗೆ. ನೆರೆಯ ಹೆಂಗಸರು ಮರಕ್ಕೆ ಹುರಿ ಕಟ್ಟಹೋದರೆ ಗದರುತ್ತಿದ್ದಳು. ಗಂಟು ಹಾಕಿ, ಬೆರಳು ತೂರಿಸಿ, ಅದೇ ಮಾತು ಕೇಳುತ್ತಿದ್ದಳು. ಕೊನೆಯ ಸಲ ಕಟ್ಟಿದಾಗ ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಉಣ್ಣೆಯ ಜೊತೆ ಮೇಕೆ ಕೂದಲನ್ನೂ ಸೇರಿಸಿ ಹೊಸೆದಿದ್ದಳು.

ಈಗ ನಾನು ಚಿತ್ರದುರ್ಗದಲ್ಲಿದ್ದೇನೆ. ನಿವೃತ್ತಿಯ ಮೇಲೆ ಕೋಟೆಯ ಬಂಡೆ ಕಾಣುವ ಒಂದು ಬೀದಿಯಲ್ಲಿ ಮನೆ ಮಾಡಿದೆ. ಅವ್ವ ಇಲ್ಲ. ಮೇಕೆ ಕೂದಲಿನ ಕೃಪೆಯಿಂದ ದಾರ ವರ್ಷಗಳ ಕಾಲ ಉಳಿಯಿತು. ನನ್ನ ಕೈ ಸಣ್ಣಗಾಗುತ್ತ ಬಂದು, ಪಾತ್ರೆ ತೊಳೆಯುವಾಗ ಅದು ಅಂಗೈಗೆ ಜಾರುತ್ತಿತ್ತು. ಮೊಣಕೈ ಕಡೆಗೆ ನೂಕಿಕೊಳ್ಳುತ್ತಿದ್ದೆ. ಮೊನ್ನೆ ಬೆಳಗ್ಗೆ ಗಂಟಿನ ಹತ್ತಿರ ಸವೆದು ತುಂಡಾಗಿ ತೊಳೆಯುವ ನೀರಿಗೆ ಬಿತ್ತು.

ತಾನಾಗಿ ಬಿದ್ದದ್ದನ್ನು ಬಿಡಬೇಕು ಎನ್ನುವುದು ಪದ್ಧತಿ. ನಾನು ಅದನ್ನು ಹಿಂಡಿ, ಬಿಸಿಲಿಗೆ ಒಣಗಿಸಿ, ಮತ್ತೆ ಕಟ್ಟಿಕೊಳ್ಳಲು ಕೂತೆ. ಕೈ ಸೊರಗಿದ್ದರಿಂದ ಉದ್ದ ಸಾಲುತ್ತಿತ್ತು. ಆದರೆ ತನ್ನ ಮಣಿಕಟ್ಟಿಗೆ ತಾನೇ ಒಂದೇ ಕೈಯಲ್ಲಿ ಗಂಟು ಹಾಕುವುದು ಆಗಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಬಾಯಿಗೆ ಕುರಿರೊಪ್ಪದ ವಾಸನೆ ಬಂತೇ ಹೊರತು ಗಂಟು ಬೀಳಲಿಲ್ಲ. ಮನೆಯಲ್ಲಿ ಕರೆಯಲು ಯಾರೂ ಇರಲಿಲ್ಲ. ಇಷ್ಟು ವರ್ಷ ಒಬ್ಬಳೇ ಇದ್ದವಳಿಗೆ ಅದು ಹೊಸ ಸಂಗತಿಯೇನಲ್ಲ, ಆದರೆ ಅಷ್ಟು ನೋವಾದದ್ದು ಅದೇ ಮೊದಲು.

ಹೊರಗೆ ಹೂವಿನವಳ ಕೂಗು ಕೇಳಿಸಿತು. ದಿನಾ ಬರುವವಳೇ. ಬಾಗಿಲಿಗೆ ಹೋಗಿ ಕೈ ಮುಂದೆ ಚಾಚಿ, ಇದೊಂದು ಗಂಟು ಹಾಕಿಕೊಡು ಎಂದೆ. ಅವಳು ಬುಟ್ಟಿ ಇಳಿಸಿ, ದಾರದ ತುದಿಗಳನ್ನು ಹಿಡಿದು, ಮಲ್ಲಿಗೆ ಕಟ್ಟುವ ಕೈಯಲ್ಲಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಗಂಟು ಹಾಕಿದಳು. ಹಾಕಿ, ದಾರದ ಕೆಳಗೆ ಬೆರಳು ತೂರಿಸಿ ನೋಡಿದಳು.

‘ಬಿಗಿಯಾತೇನ್ರಮ್ಮ?’

ಅವಳು ಬೆರಳು ತೆಗೆಯದೆ ನನ್ನ ಮುಖ ನೋಡುತ್ತ ಕಾದಳು.

‘ಇಲ್ಲಮ್ಮ’ ಅಂದೆ. ‘ಇನ್ನೊಂಚೂರು ಬಿಗಿ ಮಾಡು.’